ಅಡ್ವಾನ್ಸ್ ದುಡ್ಡು ಯಾರದು? ಲಗ್ಗೆರೆಯ ನಾಲ್ಕು ಬಾಗಿಲುಗಳ ಲೆಕ್ಕ

"ಈ ಸಲ ಓದೋರಿಗೆ ಉಪಯೋಗಕ್ಕೆ ಬರೋ ಅಂಥದ್ದು ಬರೀರಿ" ಅಂತ ಪುಸ್ತಿಕೆಯ ಸಂಪಾದಕರು ವಾಟ್ಸಾಪ್ ಗುಂಪಿನಲ್ಲಿ ಹಾಕಿದಾಗ ನಮಗೆ ಮೊದಲು ಹೊಳೆದದ್ದು ಥೀಸಿಸ್. ಆದರೆ ನಿಜ ಹೇಳಬೇಕು ಅಂದ್ರೆ, ಕಳೆದ ನವೆಂಬರ್‌ನಿಂದ ತಲೆಯಲ್ಲಿ ಓಡ್ತಿರೋದು ಥೀಸಿಸ್ ಅಲ್ಲ, ಬೆಂಗಳೂರಿನ ಲಗ್ಗೆರೆಯಲ್ಲಿರುವ ನಮ್ಮ ಮನೆಯ ಬಾಡಿಗೆ ಲೆಕ್ಕ. ಇಲ್ಲಿ ಡ್ರೆಸ್ಡನ್‌ನಲ್ಲಿ ನಮ್ಮ ಸಂಘದವರನ್ನು ಮಾತಾಡಿಸಿದರೆ ಸುಮಾರು ಜನರ ಮನೆಯಲ್ಲಿ ಇದೇ ಚಿತ್ರ: ಕೆಳಗೆ ಅಪ್ಪ ಅಮ್ಮ, ಮೇಲೆ ಬಾಡಿಗೆಯವರು, ಮನೆಪತ್ರ ಬ್ಯಾಂಕಿನಲ್ಲಿ, ಮಕ್ಕಳು ಜರ್ಮನಿಯಲ್ಲಿ. ಹಾಗಾಗಿ ನಮ್ಮ ಲೆಕ್ಕವನ್ನೇ ಒಂದು ಪಾಠದ ಥರ ಇಲ್ಲಿ ಬಿಡಿಸಿಡೋಣ ಅಂತ.

"ನಾವು" ಅಂದರೆ ಈ ಲೇಖನದ ಮಟ್ಟಿಗೆ ಇಬ್ಬರು. ಇಲ್ಲಿ ಮೆಕ್ಯಾನಿಕಲ್‌ನಲ್ಲಿ ಮಾಸ್ಟರ್ಸ್ ಮಾಡ್ತಿರೋ ಅಣ್ಣ, ಅಲ್ಲಿ ಬಿಕಾಂ ಕೊನೇ ವರ್ಷದ ತಂಗಿ. ಲೆಕ್ಕದ ಪುಸ್ತಕ ಲಗ್ಗೆರೆಯದು, ಎಕ್ಸೆಲ್ ಶೀಟು ಡ್ರೆಸ್ಡನ್‌ದು. ಮೀಟರ್ ಓದಿ, ಮೋಟರ್ ಸುಟ್ಟರೆ ಎಲೆಕ್ಟ್ರಿಷಿಯನ್‌ನ ಕರೆಸೋ ನಿಜವಾದ ಕೆಲಸ ಎಲ್ಲ ತಂಗಿಯದು ಅಂತ ಮೊದಲೇ ಒಪ್ಕೊಂಡುಬಿಡ್ತೇವೆ.

ಮನೆ, ಮತ್ತು ಅಪ್ಪನ ಯೋಜನೆ

30-40 ಸೈಟು. ಕೆಳಗೆ ನಾವಿರುವ ಮನೆ, ರಸ್ತೆ ಕಡೆಗೆ ಒಂದು ಷಟರ್ ಅಂಗಡಿ, ಅದರಲ್ಲಿ ಜೆರಾಕ್ಸ್‌ನವರು, ಬಾಡಿಗೆ 7,000. ಮೊದಲ ಮಹಡಿಯಲ್ಲಿ ಎರಡು ಸಿಂಗಲ್ ಬೆಡ್‌ರೂಮ್ ಮನೆ, ಒಂದಕ್ಕೆ 9,000, ಇನ್ನೊಂದಕ್ಕೆ 9,500. ಎರಡನೇ ಮಹಡಿಯಲ್ಲಿ ಡಬಲ್ ಬೆಡ್‌ರೂಮ್ ಮನೆ, ಅದನ್ನು 2022ರ ಕೊನೆಗೆ 9 ಲಕ್ಷಕ್ಕೆ ಲೀಸ್‌ಗೆ ಕೊಟ್ಟಿದ್ದು. ಬೆಂಗಳೂರಿನ ಹೊರಗಿನವರಿಗೆ ಒಂದು ಮಾತು: ಲೀಸ್ ಅಂದ್ರೆ ಹಳೇ ಕಾಲದ ಭೋಗ್ಯ. ಬಂದವರು ಒಟ್ಟಿಗೆ ಒಂದು ದೊಡ್ಡ ಮೊತ್ತ ಕೊಡ್ತಾರೆ, ಮೂರು ವರ್ಷ ಬಾಡಿಗೆ ಇಲ್ಲದೆ ಇರ್ತಾರೆ, ಹೋಗುವಾಗ ಅಷ್ಟೂ ದುಡ್ಡು ವಾಪಸ್ ತಗೊಂಡು ಹೋಗ್ತಾರೆ. ನಮ್ಮ ಎರಡನೇ ಮಹಡಿ ಎದ್ದು ನಿಂತದ್ದೇ ಆ 9 ಲಕ್ಷದಲ್ಲಿ. ಇನ್ನುಳಿದದ್ದು ಚೀಟಿ ದುಡ್ಡು, ಸ್ವಲ್ಪ ಅಮ್ಮನ ಬಳೆ.

ಅಪ್ಪ ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದು ಹೋದ ಆಗಸ್ಟ್‌ನಲ್ಲಿ ರಿಟೈರ್ ಆದರು. ಪಿಎಫ್ ಅಂತ ಬಂದದ್ದು 12 ಲಕ್ಷ. ತಿಂಗಳ ಪಿಂಚಣಿ 3,500. ಇನ್ನು ನಮ್ಮ ಕಡೆಯ ಭಾರ: ಇಲ್ಲಿಗೆ ಬರುವಾಗ ಬ್ಲಾಕ್ಡ್ ಅಕೌಂಟಿಗೆ ಇಡಬೇಕಾದ 11,904 ಯೂರೋ ಎಲ್ಲರಿಗೂ ಗೊತ್ತೇ ಇದೆ. ಅದು, ಟಿಕೆಟ್ಟು, ಮೊದಲ ವರ್ಷದ ಬೇರೆ ಖರ್ಚು ಎಲ್ಲ ಸೇರಿ 14 ಲಕ್ಷ ಎಜುಕೇಷನ್ ಲೋನ್, ಮನೆಪತ್ರ ಅಡ ಇಟ್ಟು. ಬಡ್ಡಿ 10 ಪರ್ಸೆಂಟ್. ಅಸಲು ಓದು ಮುಗಿದ ಮೇಲೆ, ಆದರೆ ಬಡ್ಡಿ ತಿಂಗಳಿಗೆ ಸುಮಾರು 11,700 ಈಗಲೇ ಕಟ್ಟಿಕೊಂಡು ಹೋಗ್ತಿದ್ದೇವೆ. ಅಂದ್ರೆ ಲಗ್ಗೆರೆಯ ಬಾಡಿಗೆಯೇ ಡ್ರೆಸ್ಡನ್‌ನ ಓದು.

ರಿಟೈರ್ ಆದ ಮೇಲೆ ಅಪ್ಪನಿಗೆ ಒಂದು ಆಸೆ ಹತ್ತಿತು. ಮಾಗಡಿ ರಸ್ತೆಯ ಕಡಬಗೆರೆ ಕಡೆ ಎರಡು ಪೋರ್ಷನ್ ಇರುವ ಮನೆ ಮಾರಾಟಕ್ಕಿದೆ, 48 ಲಕ್ಷ. 30 ಲಕ್ಷ ಬ್ಯಾಂಕ್ ಸಾಲ, 12 ಲಕ್ಷ ಪಿಎಫ್, ಉಳಿದದ್ದಕ್ಕೆ ಮೊದಲ ಮಹಡಿಯ ಎರಡೂ ಮನೆಯನ್ನು ಐದೈದು ಲಕ್ಷಕ್ಕೆ ಲೀಸ್ ಹಾಕೋದು. "ಬಡ್ಡಿ ಇಲ್ಲದ ದುಡ್ಡು ಕಣಪ್ಪ, ಇವತ್ತು ಯಾರು ಕೊಡ್ತಾರೆ? ಈ ಮನೆ ಬೆಳೆಸಿದ ಥರಾನೇ ಆ ಮನೆನೂ ಬೆಳೆಸಬಹುದು" ಅಂದ್ರು ಅಪ್ಪ, ಭಾನುವಾರದ ವಿಡಿಯೋ ಕಾಲ್‌ನಲ್ಲಿ. ನಾವೂ ಹೂಂ ಅಂದೆವು. ಕೇಳೋಕೆ ಚೆನ್ನಾಗಿತ್ತು.

ಅದಾಗಿ ಎರಡು ವಾರಕ್ಕೆ ಎರಡನೇ ಮಹಡಿಯವರು ಬಂದು ಕೂತರು. ಮಗಳ ಮದುವೆ ಗೊತ್ತಾಗಿದೆ, ತುಮಕೂರಿಗೆ ವಾಪಸ್ ಹೋಗ್ತೀವಿ, ಜನವರಿ ಕೊನೆಯೊಳಗೆ ನಮ್ಮ 9 ಲಕ್ಷ ಕೊಟ್ಟುಬಿಡಿ ಅಂದರು. ಕರಾರಿನ ಪ್ರಕಾರ ಮೂರು ವರ್ಷ ಮುಗಿದಿದೆ, ತಪ್ಪೇನೂ ಇಲ್ಲ. ಅಪ್ಪ ಎಲ್ಲರೂ ಮಾಡೋದನ್ನೇ ಮಾಡಿದರು. ಬ್ರೋಕರ್‌ಗೆ ಫೋನ್ ಮಾಡಿ ಹೊಸ ಲೀಸ್ ಪಾರ್ಟಿ ಹುಡುಕಿಸಿದರು, ಹೊಸಬರ ದುಡ್ಡಲ್ಲಿ ಹಳಬರದ್ದು ತೀರಿಸೋಣ ಅಂತ. ಬಂದ ಒಳ್ಳೇ ಆಫರ್ ಏಳೂವರೆ ಲಕ್ಷ. ಒಂದೂವರೆ ಲಕ್ಷ ಕಮ್ಮಿ. ಆ ರಾತ್ರಿಯಿಂದ ನಾವು ನಿಜವಾಗಿ ಲೆಕ್ಕ ಹಾಕೋಕೆ ಶುರು ಮಾಡಿದೆವು.

ಬರೋದು ಎಷ್ಟು, ಉಳಿಯೋದು ಎಷ್ಟು

ಅಪ್ಪನನ್ನು ಬಾಡಿಗೆ ಎಷ್ಟು ಬರುತ್ತೆ ಅಂತ ಕೇಳಿದರೆ "ಇಪ್ಪತ್ತೈದೂವರೆ ಸಾವಿರ" ಅಂತಾರೆ. ತಪ್ಪಲ್ಲ. 7,000, 9,000, 9,500 ಸೇರಿಸಿದರೆ 25,500, ವರ್ಷಕ್ಕೆ 3,06,000. ಆದರೆ ಮೆಕ್ಯಾನಿಕಲ್ ಓದಿದವರಿಗೆ ಮೊದಲ ಸೆಮಿಸ್ಟರಿನಲ್ಲೇ ಹೇಳಿಕೊಡ್ತಾರೆ, ಇಂಜಿನ್ನಿಗೆ ಹಾಕಿದ ಶಕ್ತಿಯೆಲ್ಲ ಚಕ್ರಕ್ಕೆ ಹೋಗಲ್ಲ ಅಂತ. ತಂಗಿಯ ಹತ್ತಿರ 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗಿನ ಪುಸ್ತಕ ಇತ್ತು. ಅಂಗಡಿ ಚೀಟಿ, ಫೋನ್‌ಪೇ ಹಿಸ್ಟರಿ ಎಲ್ಲ ಹೊಂದಿಸಿ ಒಂದು ವರ್ಷದ ಖರ್ಚನ್ನು ಕೂಡಿಸಿದೆವು.

ಮೊದಲ ಮಹಡಿಯ ಒಂದು ಮನೆ ಒಂದೂವರೆ ತಿಂಗಳು ಖಾಲಿ ಇತ್ತು, ಬರದೆ ಹೋದ ಬಾಡಿಗೆ 14,250. ಅದೇ ಮನೆಗೆ ಪೇಂಟು ಮತ್ತು ಬಚ್ಚಲುಮನೆ ಟೈಲ್ಸ್, ಹಳಬರ ಅಡ್ವಾನ್ಸಿನಲ್ಲಿ ಹಿಡಿದದ್ದು ಕಳೆದು, ನಮ್ಮ ಕೈಯಿಂದ 16,000. ಪ್ಲಂಬಿಂಗ್ ಮತ್ತು ಮೋಟರ್ ರಿವೈಂಡಿಂಗ್ 11,500. 2024ರ ಬೇಸಿಗೆ ನೆನಪಿರಬೇಕಲ್ಲ, ಇಡೀ ಬೆಂಗಳೂರು ನೀರಿಗೆ ಪರದಾಡಿದ್ದು? ಟ್ಯಾಂಕರ್‌ಗೆ 16,800. ಪಾಲಿಕೆ ಕಂದಾಯ 11,800. ಅದನ್ನು ಏಪ್ರಿಲ್‌ನಲ್ಲೇ ಕಟ್ಟಿದ್ದರೆ 5 ಪರ್ಸೆಂಟ್ ಸೋಡಿ ಸಿಗ್ತಿತ್ತು, ಮರೆತೆವು. ಬಾಡಿಗೆಗೆ ಕೊಟ್ಟ ಭಾಗಕ್ಕೆ ಸ್ವಂತ ವಾಸದ ಭಾಗಕ್ಕಿಂತ ದರ ಜಾಸ್ತಿ ಅನ್ನೋದೂ ನಮಗೆ ಆಗಲೇ ಗೊತ್ತಾಗಿದ್ದು. ಮೆಟ್ಟಿಲ ಲೈಟು, ಮೋಟರ್‌ನ ಕರೆಂಟು 7,200. ಒಟ್ಟು 77,550.

ಅಂದ್ರೆ ಬಂದದ್ದರಲ್ಲಿ ಕಾಲು ಭಾಗ ಮನೆಯೇ ತಿಂದಿದೆ. ಉಳಿದದ್ದು 2,28,450, ತಿಂಗಳಿಗೆ 19,000. ಇದರ ಮೇಲೆ ವರ್ಷ ವರ್ಷ ಬಾರದ, ಆದರೆ ಬಂದೇ ಬರುವ ಖರ್ಚು ಇನ್ನೂ ಇದೆ: ಹೊರಗಡೆ ಪೇಂಟು, ತಾರಸಿಯ ವಾಟರ್‌ಪ್ರೂಫಿಂಗ್, ಹೊಸ ಮೋಟರ್. ಅದಕ್ಕೆ ಅಂತ ತಿಂಗಳಿಗೆ 2,000 ಎತ್ತಿಟ್ಟರೆ ಹೋಗೋದು ಕಾಲು ಭಾಗ ಅಲ್ಲ, ಮೂರನೇ ಒಂದು ಭಾಗ. ತಂಗಿ ಇದನ್ನು ನೋಡಿ ಇನ್ನೊಂದು ವಿಷಯ ಹೇಳಿದಳು. ಆದಾಯ ತೆರಿಗೆಯಲ್ಲಿ ಬಾಡಿಗೆ ಆದಾಯಕ್ಕೆ ಪಾಲಿಕೆ ಕಂದಾಯ ಕಳೆದು ಉಳಿದದ್ದರಲ್ಲಿ 30 ಪರ್ಸೆಂಟ್ ಯಾವ ರಸೀದಿಯೂ ಕೇಳದೆ ಬಿಟ್ಟುಕೊಡ್ತಾರಂತೆ. ನಮ್ಮ ಪುಸ್ತಕದ ಲೆಕ್ಕ ಅದರ ಹತ್ತಿರಕ್ಕೇ ಬಂದಿತ್ತು.

ಇಲ್ಲಿ ಡ್ರೆಸ್ಡನ್‌ನಲ್ಲಿ ನಮಗೆ ಮನೆ ಕೊಟ್ಟಿರುವ ಓನರ್ ಅಜ್ಜಿಗೆ ಹೀಗೇ ಮೂರು ಮನೆ ಇದೆ, ಒಂದೇ ಹಳೇ ಕಟ್ಟಡದಲ್ಲಿ. ಆ ಕಟ್ಟಡದ ಎಲ್ಲ ಮಾಲೀಕರೂ ತಿಂಗಳು ತಿಂಗಳು ಒಂದು ಮೊತ್ತ ಕಟ್ಟಬೇಕು, ಅದರಲ್ಲಿ ಒಂದು ಪಾಲು ಮುಂದಿನ ರಿಪೇರಿಗೆ ಅಂತ ಬೇರೆ ಖಾತೆಗೆ ಹೋಗುತ್ತೆ. ಛಾವಣಿ ಸೋರಿದ ದಿನ ಯಾರೂ ಚೀಟಿ ಎತ್ತೋಕೆ ಓಡಬೇಕಿಲ್ಲ. ನಮ್ಮಲ್ಲಿ ಸ್ವಂತ ಕಟ್ಟಡದವರಿಗೆ ಹೀಗೆ ಕೇಳೋರು ಯಾರೂ ಇಲ್ಲ, ಅದಕ್ಕೇ ಎತ್ತಿಡಲ್ಲ.

ಖಾಲಿ ಬಿದ್ದ ಆ ಮನೆಯ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ನಾಲ್ಕು ವರ್ಷದಿಂದ ಒಂದು ಸಣ್ಣ ಕುಟುಂಬ ಇತ್ತು, 9,000 ಬಾಡಿಗೆ, ಪ್ರತಿ ತಿಂಗಳು 5ನೇ ತಾರೀಕಿನೊಳಗೆ ಹಾಕಿಬಿಡೋರು. ಅಪ್ಪ 9,500 ಮಾಡಿ ಅಂದರು. ಅವರು ಇನ್ನೂರು ರೂಪಾಯಿ ಏರಿಸ್ತೀವಿ ಅಂದರು. ಅಪ್ಪ ಒಪ್ಪಲಿಲ್ಲ, ಅವರು ಎರಡು ರಸ್ತೆ ಆಚೆ ಹೋದರು. ಹೊಸಬರು 9,500ಕ್ಕೇ ಬಂದರು, ಅಪ್ಪನಿಗೆ ಗೆದ್ದ ಖುಷಿ. ಆದರೆ ಖಾಲಿ ಇದ್ದದ್ದು 14,250, ರಿಪೇರಿ 16,000, ಎರಡೂ ಸೇರಿ 30,250 ಹೋಗಿದೆ. ಜಾಸ್ತಿ ಬರೋದು ವರ್ಷಕ್ಕೆ 6,000. ಹೋದದ್ದು ವಾಪಸ್ ಬರೋಕೆ ಐದು ವರ್ಷ ಬೇಕು, ಅದೂ ಈ ಹೊಸಬರು ಅಷ್ಟು ದಿನ ಇದ್ದರೆ. ಬಾಡಿಗೆ ಮನೆ ನೋಡ್ಕೊಳ್ಳೋದರಲ್ಲಿ ಎಲ್ಲಕ್ಕಿಂತ ದುಬಾರಿ ಖರ್ಚು ಒಳ್ಳೇ ಬಾಡಿಗೆಯವರನ್ನು ಕಳ್ಕೊಳ್ಳೋದು. ಇದನ್ನು ಫೋನಿನಲ್ಲಿ ಹೇಳಿದಾಗ ಅಪ್ಪ ಏನೂ ಮಾತಾಡಲಿಲ್ಲ. ಅಮ್ಮ ಮಾತ್ರ ಹಿಂದಿನಿಂದ "ನಾ ಆಗಲೇ ಹೇಳಿದ್ದೆ" ಅಂದಿದ್ದು ಕೇಳಿಸಿತು.

ಅಡ್ವಾನ್ಸ್ ದುಡ್ಡು

ಈಗ ಮುಖ್ಯ ವಿಷಯಕ್ಕೆ ಬರ್ತೇವೆ. ಪುಸ್ತಕದಲ್ಲಿ ಎಲ್ಲ ಇತ್ತು, ಒಂದನ್ನು ಬಿಟ್ಟು. ನಾವು ಯಾರಿಗೆ ಎಷ್ಟು ವಾಪಸ್ ಕೊಡಬೇಕು ಅನ್ನೋ ಪುಟವೇ ಇರಲಿಲ್ಲ. ಅಗ್ರಿಮೆಂಟುಗಳನ್ನು ಬೀರುವಿನಿಂದ ತೆಗೆಸಿ ಬರೆಸಿದೆವು: ಮೊದಲ ಮಹಡಿಯ ಎರಡು ಮನೆಗೆ 80,000 ಮತ್ತು 90,000, ಅಂಗಡಿಗೆ 1,00,000, ಎರಡನೇ ಮಹಡಿಯ ಲೀಸ್ 9,00,000. ಒಟ್ಟು 11,70,000. ಪಿಎಫ್ ಬರೋ ಮುಂಚೆ ಬ್ಯಾಂಕಿನಲ್ಲಿ ನಮ್ಮದು ಅಂತ ಇದ್ದದ್ದು ಐವತ್ತು ಸಾವಿರವೂ ಇಲ್ಲ. ಅಷ್ಟೂ ಗೋಡೆಯಲ್ಲಿ, ಕಂಬಿಯಲ್ಲಿ, ಸಿಮೆಂಟಿನಲ್ಲಿ ಹೋಗಿತ್ತು.

ಜರ್ಮನಿಗೆ ಬಂದ ಮೊದಲ ವಾರದ ಒಂದು ಘಟನೆ ಆಗ ನೆನಪಾಯಿತು. ನಮ್ಮ ಒಂದು ಕೋಣೆಯ ಮನೆಗೆ ಕಾಲ್ಟ್‌ಮೀಟೆ, ಅಂದರೆ ಹೀಟಿಂಗ್ ನೀರು ಬಿಟ್ಟು ಬರೀ ಮನೆಯ ಬಾಡಿಗೆ, 290 ಯೂರೋ. ಕೌಟ್ಸಿಯೋನ್, ಅಂದರೆ ಡಿಪಾಸಿಟ್, 870. ಇಲ್ಲಿಯ ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಡಿಪಾಸಿಟ್ ಕೇಳೋ ಹಾಗಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಅಜ್ಜಿ ಒಂದು ಪಾಸ್‌ಬುಕ್ಕಿನ ಥರದ್ದು ತೋರಿಸಿ, "ಇದು ನಿಮ್ಮ ದುಡ್ಡು, ನನ್ನ ಹತ್ರ ಮಲಗಿರುತ್ತೆ ಅಷ್ಟೇ" ಅಂದಿದ್ದರು. ಆಗ ಅಜ್ಜಿಯ ಒಳ್ಳೆತನ ಅಂದ್ಕೊಂಡಿದ್ದೆವು. ಒಳ್ಳೆತನ ಹೌದು, ಆದರೆ ಅದು ಕಾನೂನೂ ಹೌದು. ಡಿಪಾಸಿಟ್ಟನ್ನು ಮಾಲೀಕರು ತಮ್ಮ ಸ್ವಂತ ದುಡ್ಡಿನ ಜೊತೆ ಬೆರೆಸೋ ಹಾಗಿಲ್ಲ, ಬೇರೆ ಖಾತೆಯಲ್ಲಿ ಇಡಬೇಕು, ಬಡ್ಡಿಯೂ ಬಾಡಿಗೆಯವರದೇ. ಮಾಲೀಕರು ದಿವಾಳಿ ಆದರೂ ಆ ದುಡ್ಡು ಉಳಿಯಲಿ ಅಂತ. (ಸ್ಟೂಡೆಂಟ್ ಹಾಸ್ಟೆಲ್‌ಗಳಲ್ಲಿ ಬಡ್ಡಿ ಕಡ್ಡಾಯ ಇಲ್ಲ, ಅಲ್ಲಿರೋರು ಹೋಗಿ ಜಗಳ ಮಾಡಬೇಡಿ.)

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಅನ್ನೋದು ರೂಢಿ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದೆ ಇಟ್ಟ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಮಿತಿ ಹಾಕಿದ್ದಾರೆ. ಆದರೆ ನಮ್ಮ ರಸ್ತೆಯಲ್ಲಿ ಎರಡು ತಿಂಗಳ ಅಡ್ವಾನ್ಸಿಗೆ ಮನೆ ಕೊಟ್ಟವರನ್ನು ನಾವು ಕಂಡಿಲ್ಲ. ಅಡ್ವಾನ್ಸ್ ಜಾಸ್ತಿ ತಗೊಳ್ಳೋದು ತಪ್ಪೋ ಸರಿಯೋ, ಅದು ಬೇರೆ ಚರ್ಚೆ. ನಮಗೆ ಹೊಳೆದದ್ದು ಇಷ್ಟು: ಅಪ್ಪ 9 ಲಕ್ಷವನ್ನು "ಬಂದ ದುಡ್ಡು" ಅಂತ ಲೆಕ್ಕ ಹಾಕಿದ್ದರು. ಅದು ಬಂದ ದುಡ್ಡಲ್ಲ, ಕೊಡಬೇಕಾದ ದುಡ್ಡು. ಈಗ ಆ ಮನೆಯವರ ಮಗಳ ಮದುವೆ ನಮ್ಮ ಎರಡನೇ ಮಹಡಿಯ ಕಾಂಕ್ರೀಟಿನೊಳಗೆ ಸಿಕ್ಕಿಕೊಂಡಿದೆ.

ಬಡ್ಡಿ ಇಲ್ಲದ ದುಡ್ಡಿನ ಬಡ್ಡಿ

"ಸರಿ, ಸಾಲವೇ ಅಂದ್ಕೊ. ಆದ್ರೆ ಬಡ್ಡಿ ಇಲ್ವಲ್ಲ" ಅಂದರು ಅಪ್ಪ. ನಾವೂ ಮೊದಲು ಹಾಗೇ ಅಂದ್ಕೊಂಡಿದ್ದೆವು. ಅದನ್ನು ಮುರಿದದ್ದು ತಂಗಿಯ ಒಂದು ಪ್ರಶ್ನೆ: "ಅದೇ ಮನೇನ ಬಾಡಿಗೆಗೆ ಕೊಟ್ಟಿದ್ರೆ ಎಷ್ಟು ಬರ್ತಿತ್ತು?"

ಪಕ್ಕದ ಕಟ್ಟಡದಲ್ಲಿ ಇದೇ ಅಳತೆಯ ಮನೆ 13,500ಕ್ಕೆ ಹೋಗಿದೆ. ವರ್ಷಕ್ಕೆ 1,62,000. ನಾವು 9 ಲಕ್ಷ ಇಟ್ಕೊಂಡಿದ್ದಕ್ಕೆ ಬಿಟ್ಟುಕೊಟ್ಟದ್ದು ಆ 1,62,000. ಭಾಗಿಸಿ ನೋಡಿ, 18 ಪರ್ಸೆಂಟ್. ಬಡ್ಡಿ ಕೈಯಿಂದ ಹೋಗಲಿಲ್ಲ, ಕೈಗೆ ಬರಲೇ ಇಲ್ಲ, ಅದಕ್ಕೇ ಕಾಣಿಸಲಿಲ್ಲ. ಬಾಡಿಗೆಯಲ್ಲೂ ಕಾಲು ಭಾಗ ಖರ್ಚು ಅಂತ ಬಿಟ್ಟರೂ ಹದಿಮೂರೂವರೆ ಪರ್ಸೆಂಟ್ ಆಗುತ್ತೆ, ಎಜುಕೇಷನ್ ಲೋನಿಗಿಂತ ಮೇಲೆ. ಅಪ್ಪ ಮೊದಲ ಮಹಡಿಯನ್ನು ಲೀಸ್ ಹಾಕ್ತೀನಿ ಅಂದದ್ದು ಇದಕ್ಕಿಂತಲೂ ದುಬಾರಿ: 10 ಲಕ್ಷಕ್ಕೆ ವರ್ಷಕ್ಕೆ 2,22,000 ಬಿಟ್ಟುಕೊಡೋದು, 22 ಪರ್ಸೆಂಟ್ ಮೇಲೆ.

ಲೀಸ್ ಯಾವಾಗಲೂ ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. ಮೀಟರ್ ಬಡ್ಡಿಯವರ ಹತ್ತಿರ ಸಿಕ್ಕಿಹಾಕಿಕೊಂಡವರಿಗೆ ಅದು ಉಸಿರು. 2022ರಲ್ಲಿ ನಮಗೂ ಬ್ಯಾಂಕು ಕೊಡದ ದುಡ್ಡನ್ನು ಲೀಸೇ ಕೊಟ್ಟಿತು, ಮಹಡಿ ಎದ್ದಿತು. ಆದರೆ ಎರಡು ಮಾತು. ಮೂರು ವರ್ಷದಲ್ಲಿ ಅದನ್ನು ತೀರಿಸೋ ದಾರಿ ಮೊದಲ ದಿನವೇ ಹಾಕ್ಕೋಬೇಕಿತ್ತು, ತಿಂಗಳಿಗೆ ಐದು ಸಾವಿರದ ಆರ್‌ಡಿ ಆದರೂ. ಇನ್ನೊಂದು, ಕಾಗದ. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಅಥವಾ ಲೀಸ್ ಕರಾರನ್ನು ರಿಜಿಸ್ಟರ್ ಮಾಡಿಸಬೇಕು, ಅದು 1908ರ ನೋಂದಣಿ ಕಾಯ್ದೆ. ಎಲ್ಲೆಲ್ಲೂ 11 ತಿಂಗಳ ಅಗ್ರಿಮೆಂಟ್ ನಡೆಯೋದು ಅದನ್ನು ತಪ್ಪಿಸಿಕೊಳ್ಳೋಕೆ. ನಮ್ಮದೂ 11 ತಿಂಗಳಿನದೇ, ಮೂರು ವರ್ಷ ಅನ್ನೋದು ಬರೀ ಬಾಯಿಮಾತು. ಅವರೂ ನಾವೂ ಒಳ್ಳೆಯವರಾಗಿದ್ದಕ್ಕೆ ನಡೀತು. ಒಬ್ಬರು ಹಾಗಿರದಿದ್ದರೆ 9 ಲಕ್ಷಕ್ಕೆ ಸಾಕ್ಷಿ ಒಂದು ಸ್ಟಾಂಪ್ ಪೇಪರ್ ಮಾತ್ರ.

ಎರಡನೇ ಕಟ್ಟಡ

ಕಡಬಗೆರೆ ಮನೆಯ ಲೆಕ್ಕ ಇದಾದ ಮೇಲೆ ಸುಲಭ ಆಯ್ತು. ಬೆಲೆ 48 ಲಕ್ಷ. ಸ್ಟಾಂಪ್ ಡ್ಯೂಟಿ 5 ಪರ್ಸೆಂಟ್, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1ರ ಬದಲು 2 ಪರ್ಸೆಂಟ್. ಎಲ್ಲ ಸೇರಿ ಸುಮಾರು 3.65 ಲಕ್ಷ. ಒಟ್ಟು 51.65 ಲಕ್ಷ, ಬ್ರೋಕರ್ ಕಮಿಷನ್ ಬೇರೆ. ಎರಡು ಪೋರ್ಷನ್ನಿನ ಬಾಡಿಗೆ 15,500, ಕಾಲು ಭಾಗ ಕಳೆದರೆ ವರ್ಷಕ್ಕೆ 1,39,500. ಹಾಕಿದ ದುಡ್ಡಿಗೆ ಸಿಗೋದು 2.7 ಪರ್ಸೆಂಟ್. ಸಾಲದ ಬಡ್ಡಿ ಎಂಟೂವರೆ ಅಂತ ಹಿಡಿದರೆ, 30 ಲಕ್ಷಕ್ಕೆ 15 ವರ್ಷಕ್ಕೆ ಇಎಂಐ ಸುಮಾರು 29,500.

ಮೊದಲ ಮಹಡಿ ಲೀಸ್‌ಗೆ ಹೋದ ಮೇಲೆ ಬಾಡಿಗೆ ಅಂತ ಬರೋದು ಅಂಗಡಿಯ 7,000 ಮತ್ತು ಹೊಸ ಮನೆಯ 15,500, ಒಟ್ಟು 22,500. ಗಮನಿಸಿ, ಇವತ್ತು ಬರ್ತಿರೋದು 25,500. ನಾಲ್ಕು ಬಾಗಿಲಿನಿಂದ ಆರು ಬಾಗಿಲಿಗೆ ಹೋದ ಮೇಲೆ ಬರೋದು ಕಮ್ಮಿ ಆಗುತ್ತೆ! ಕಾಲು ಭಾಗ ಖರ್ಚು ಕಳೆದು, ಪಿಂಚಣಿ ಸೇರಿಸಿ, ಇಎಂಐ ಮತ್ತು ಓದಿನ ಸಾಲದ ಬಡ್ಡಿ ಕಟ್ಟಿದರೆ ಪ್ರತಿ ತಿಂಗಳು ಸುಮಾರು 20,800 ಸಾಲಲ್ಲ, ಮನೆಯ ಅಕ್ಕಿ ಬೇಳೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ರಿಟೈರ್ ಆದವರೊಬ್ಬರ ಹೆಸರಿನಲ್ಲಿ ಬ್ಯಾಂಕು ಅಷ್ಟು ಉದ್ದದ ಸಾಲ ಸುಲಭಕ್ಕೆ ಕೊಡಲ್ಲ, ಜೊತೆಗೆ ಸಹಿ ಹಾಕಬೇಕಾದವರು ಇನ್ನೂ ಕೆಲಸ ಸಿಗದ ನಾವು. ಇನ್ನೂ ಒಂದು: ಲೀಸ್‌ನ 10 ಲಕ್ಷದಲ್ಲಿ ಈಗಿನ ಬಾಡಿಗೆಯವರ ಅಡ್ವಾನ್ಸ್ 1,70,000 ವಾಪಸ್ ಕೊಡಬೇಕು ಅನ್ನೋದನ್ನು ಅಪ್ಪ ಮರೆತೇಬಿಟ್ಟಿದ್ದರು. ಅಡ್ವಾನ್ಸ್ ಅನ್ನೋದು ಎಷ್ಟು ಸುಲಭಕ್ಕೆ ನಮ್ಮದಾಗಿಬಿಡುತ್ತೆ ನೋಡಿ.

ಅಪ್ಪನ ವಾದಕ್ಕೂ ನ್ಯಾಯ ಕೊಡಬೇಕು. "ಬಾಡಿಗೆಗಲ್ಲಪ್ಪ, ಜಾಗದ ಬೆಲೆ ಏರುತ್ತೆ. ಈ ಲಗ್ಗೆರೆ ಸೈಟು ತಗೊಂಡಾಗ ಎಲ್ರೂ ನಕ್ಕಿದ್ರು" ಅಂದರು. ನಿಜ, ಈ ಸೈಟು ಇಲ್ಲದಿದ್ದರೆ ನಾವು ಡ್ರೆಸ್ಡನ್ ನೋಡ್ತಿರಲಿಲ್ಲ. ಆದರೆ ಆ ಸೈಟನ್ನು ಅಪ್ಪ ಸಂಬಳ ಬರ್ತಿದ್ದ ಕಾಲದಲ್ಲಿ, ಸಾಲ ಇಲ್ಲದೆ ತಗೊಂಡರು, ಇಪ್ಪತ್ತೈದು ವರ್ಷ ಕಾದರು. ಏರಿದ ಬೆಲೆಯನ್ನು ತಿಂಗಳ 5ನೇ ತಾರೀಕು ಬ್ಯಾಂಕಿಗೆ ಕಟ್ಟೋಕಾಗಲ್ಲ. ಕಡಬಗೆರೆ ಮನೆಯ ಕಾಗದವನ್ನೂ ನೋಡಿದೆವು. ಪಂಚಾಯಿತಿಯ 11ಬಿ ನಮೂನೆ, ಅಂಥದ್ದಕ್ಕೆ ಸಾಲ ಕೊಡೋಕೆ ಬ್ಯಾಂಕುಗಳು ಹಿಂದೆ ಮುಂದೆ ನೋಡ್ತವೆ. ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರಕ್ಕೆ ಇಲ್ಲಿಂದಲೇ ಅರ್ಜಿ ಹಾಕಬಹುದು. ಯಾರ ಮನೆಯಲ್ಲಿ ಈ ಮಾತು ನಡೀತಿದ್ರೂ ಟೋಕನ್ ಕೊಡೋ ಮೊದಲು ಈ ಒಂದು ಕೆಲಸ ಆದ್ರೂ ಮಾಡಿ.

ಹಾಗಾದರೆ ಬೆಳೆಸೋದು ಹೇಗೆ? ನಮ್ಮ ಉತ್ತರ ಎಕ್ಸೆಲ್‌ನಲ್ಲೇ ಕೂತಿತ್ತು. 12 ಲಕ್ಷ ಪಿಎಫ್‌ನಲ್ಲಿ 9 ಲಕ್ಷ ಲೀಸ್‌ನವರಿಗೆ ಕೊಟ್ಟು, ಎರಡನೇ ಮಹಡಿಯನ್ನು 13,500ಕ್ಕೆ ಬಾಡಿಗೆಗೆ ಕೊಡೋದು. ಹೊಸ ಸೈಟು ಬೇಡ, ನೋಂದಣಿ ಬೇಡ, ಇಎಂಐ ಬೇಡ. ಬಾಡಿಗೆ 25,500 ಇದ್ದದ್ದು 39,000 ಆಗುತ್ತೆ, ಕಾಲು ಭಾಗ ಕಳೆದು 29,250. ಕಡಬಗೆರೆಯಲ್ಲಿ 2.7 ಪರ್ಸೆಂಟ್ ಕೊಡ್ತಿದ್ದ ದುಡ್ಡು ನಮ್ಮದೇ ತಲೆ ಮೇಲಿನ ಮಹಡಿಯಲ್ಲಿ ಹದಿಮೂರೂವರೆ ಕೊಡುತ್ತೆ. ಹೊಸ ಮನೆ ಕೊಂಡ್ಕೊಳ್ಳೋ ಮೊದಲು ಇರೋ ಮನೆಯನ್ನು ಬಿಡಿಸ್ಕೊಳ್ಳೋದು.

ಅಪ್ಪ ಒಪ್ಪಿದ್ದು ನಮ್ಮ ಪರ್ಸೆಂಟೇಜಿಗಲ್ಲ. ಮೂರು ಭಾನುವಾರ ವಾದ ಆಯ್ತು. ಮೂರನೇ ಭಾನುವಾರ ಅಮ್ಮ ಅಡುಗೆಮನೆಯಿಂದ ಬಂದು, "ಆ ಮಗೂ ಮದುವೆ ದುಡ್ಡು ಅದು. ಹೊಸಬರು ಸಿಗೋವರೆಗೂ ಅವರನ್ನ ಕಾಯಿಸ್ತೀರಾ?" ಅಂತ ಕೇಳಿದರು. ಅಷ್ಟೇ.

ಆಮೇಲೆ

ಜನವರಿ 28ಕ್ಕೆ 9 ಲಕ್ಷ ಬ್ಯಾಂಕಿನಿಂದಲೇ ಅವರ ಖಾತೆಗೆ ಹೋಯಿತು. ಲೀಸ್ ಪತ್ರದ ಮೂಲ ಪ್ರತಿ ವಾಪಸ್ ತಗೊಂಡು, ಹಣ ಪೂರ್ತಿ ಸಂದಿದೆ ಅಂತ ಅದರ ಹಿಂದೆಯೇ ಬರೆಸಿ ಸಹಿ ಹಾಕಿಸಿದಳು ತಂಗಿ. ಮನೆ ಖಾಲಿ ಮಾಡುವಾಗ ಇಲ್ಲಿಯ ಪದ್ಧತಿಯೊಂದನ್ನು ಅಲ್ಲಿ ಪ್ರಯೋಗ ಮಾಡಿದೆವು. ಜರ್ಮನಿಯಲ್ಲಿ ಮನೆ ಬಿಡುವಾಗ, ಸೇರುವಾಗ ಎರಡೂ ಕಡೆಯವರು ಜೊತೆಗೆ ನಿಂತು ಗೋಡೆ, ನಲ್ಲಿ, ಕಿಟಕಿ, ಮೀಟರ್ ರೀಡಿಂಗ್ ಬರೆದು ಸಹಿ ಹಾಕ್ತಾರಲ್ಲ, ಯೂಬರ್‌ಗಾಬೆ ಪ್ರೊಟೊಕೋಲ್, ಅದೇ. ತಂಗಿ ಅದನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿ, ಫೋಟೋ ಸಮೇತ ಇಟ್ಟಿದ್ದಾಳೆ. ಪೇಂಟಿಂಗ್‌ಗೆ ಎಷ್ಟು ಹಿಡೀಬೇಕು ಅನ್ನೋ ಜಗಳ ಮುಂದಿನ ಸಲ ಬರಬಾರದು ಅಂತ.

ಪೇಂಟಿಂಗ್‌ಗೆ 22,000 ಆಯ್ತು. ಮನೆ ನೋಡೋಕೆ ಬಂದವರೆಲ್ಲ ಮೊದಲು ಕೇಳಿದ್ದು ನೀರಲ್ಲ, "ಮೀಟರ್ ಬೇರೆ ಇದ್ಯಾ ಆಂಟಿ?" ಅಂತ. ಗೃಹಜ್ಯೋತಿ ಬಂದ ಮೇಲೆ ಬಾಡಿಗೆಯವರಿಗೂ 200 ಯೂನಿಟ್‌ವರೆಗೆ ಅನುಕೂಲ ಇದೆ, ಆದರೆ ಮನೆಗೆ ಪ್ರತ್ಯೇಕ ಮೀಟರ್ ಬೇಕು. ಎರಡನೇ ಮಹಡಿಗೆ ಇತ್ತು. ಮೊದಲ ಮಹಡಿಯ ಎರಡು ಮನೆಗೆ ಒಂದೇ ಮೀಟರ್, ಅದನ್ನು ಬೇರೆ ಮಾಡಿಸೋದು ಈ ವರ್ಷದ ಕೆಲಸ. ಮಾರ್ಚ್‌ಗೆ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಒಂದು ಕುಟುಂಬ ಬಂತು. ಅಡ್ವಾನ್ಸ್ ಐದು ತಿಂಗಳದ್ದು, 67,500. ಅದನ್ನು ಅಮ್ಮನ ಹೆಸರಲ್ಲಿ ಬೇರೆ ಎಫ್‌ಡಿ ಮಾಡಿಸಿದೆವು, ರಸೀದಿ ಅಗ್ರಿಮೆಂಟಿನ ಜೊತೆಗೇ ಪಿನ್ ಮಾಡಿದೆ. ಅಜ್ಜಿಯ ಪಾಸ್‌ಬುಕ್ಕಿನ ಲಗ್ಗೆರೆ ಆವೃತ್ತಿ.

ಓದು ಮುಗಿದು ಇಲ್ಲೇ ಕೆಲಸಕ್ಕೆ ಸೇರೋರಿಗೆ ನಡುವೆ ಒಂದು ಎಚ್ಚರಿಕೆ. ಮನೆಯನ್ನು ನಿಮ್ಮ ಹೆಸರಿಗೆ ಮಾಡಿಸಿದ್ದರೆ, ನೀವು ಅನಿವಾಸಿ ಆದ ಮೇಲೆ ಬಾಡಿಗೆಯನ್ನು ಸಾಮಾನ್ಯವಾಗಿ ಎನ್‌ಆರ್‌ಒ ಖಾತೆಗೆ ಹಾಕಿಸ್ಕೋತಾರೆ, ಬಾಡಿಗೆಯವರು ಮೊದಲೇ ಟಿಡಿಎಸ್ ಹಿಡಿದು ಕಟ್ಟಬೇಕು, ಮಾಮೂಲಿ ದರ 30 ಪರ್ಸೆಂಟ್, ಸೆಸ್ಸು ಸೇರಿ 31.2. ಜೆರಾಕ್ಸ್ ಅಂಗಡಿಯವರಿಗೆ ಇದನ್ನು ಅರ್ಥ ಮಾಡಿಸೋ ಧೈರ್ಯ ನಮಗಿಲ್ಲ, ಹಾಗಾಗಿ ಮನೆ ಅಪ್ಪನ ಹೆಸರಲ್ಲೇ ಇರುತ್ತೆ.

ಅಪ್ಪ ಪೂರ್ತಿ ಒಪ್ಪಿದ್ದಾರೆ ಅಂತ ಹೇಳಲಾರೆವು. ಕಡಬಗೆರೆ ಮನೆ ಬೇರೆಯವರಿಗೆ ಹೋಯಿತು, ಆದರೂ ಕೆಲವು ಭಾನುವಾರ ಸ್ಕೂಟರ್ ಹತ್ತಿ ಆ ಕಡೆ ಹೋಗಿ ಬರ್ತಾರಂತೆ. ಕಳೆದ ವಾರ ತಂಗಿ ಪುಸ್ತಕದಲ್ಲಿ "ಅವರದು" ಅಂತ ಹೊಸ ಕಾಲಂ ಹಾಕಿ ಅಪ್ಪನಿಗೆ ತೋರಿಸಿದಳು. ಎರಡು ಮನೆ ಮತ್ತು ಅಂಗಡಿಯ ಹಳೇ ಅಡ್ವಾನ್ಸ್ 2,70,000, ಅದನ್ನೂ ಎಫ್‌ಡಿಗೆ ಹಾಕಿಬಿಡೋಣ ಅಂದಳು. ಪಿಎಫ್‌ನಲ್ಲಿ ಉಳಿದದ್ದು 3 ಲಕ್ಷ, ಪೇಂಟಿಂಗ್ ಕಳೆದು 2,78,000.

ಅಪ್ಪ ಕನ್ನಡಕ ಹಾಕ್ಕೊಂಡು ಕಾಲಂ ಎರಡು ಸಲ ಓದಿದರು. "ಹಾಗಾದ್ರೆ ಮೂವತ್ತು ವರ್ಷ ದುಡಿದು ಕೈಯಲ್ಲಿ ನಮ್ಮದು ಅಂತ ಉಳಿದಿದ್ದು ಎಂಟು ಸಾವಿರನಾ?" ಅಂದರು.

ವಿಡಿಯೋ ಕಾಲ್‌ನಲ್ಲಿ ನಮಗೂ ಏನು ಹೇಳಬೇಕೋ ತಿಳಿಯಲಿಲ್ಲ. ತಂಗಿ ಪುಟ ತಿರುಗಿಸಿ ತೋರಿಸಿದಳು. ಮಾರ್ಚ್ 5, ಎರಡನೇ ಮಹಡಿ, ಮೊದಲನೇ ಬಾಡಿಗೆ, 13,500.